ದೊಡ್ಡಪತ್ರೆಯ ತುಡುಗು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ನಡೆಯುತ್ತಿದ್ದ ಒಂದು ಚಂದದ ಕಳ್ಳತನವನ್ನು ನಾನು ಕೆಡಿಸಿಬಿಟ್ಟೆ.

ಹಲ್ಲುಜ್ಜುತ್ತ ಹೊರಗೆ ಬಂದರೆ, ಪಕ್ಕದ ಮನೆಯ ಶಾಂತಕ್ಕ ನಮ್ಮವ್ವನ ದೊಡ್ಡಪತ್ರೆ ಗಿಡದಿಂದ ಟೊಂಗೆಯೊಂದನ್ನು ಮುರಿದು ಸೆರಗಿನೊಳಗೆ ಅಡಗಿಸುತ್ತಿದ್ದರು. "ಶಾಂತಕ್ಕಾ, ಬರ್ರಿ, ಚಾ ಕುಡೀರಿ" ಎಂದೆ.

ಅವರು ಟೊಂಗೆಯನ್ನು ಅಲ್ಲೇ ಒಗೆದರು. "ನೋಡೇಬಿಟ್ಟೆಲ್ಲೋ ತಮ್ಮಾ! ಇನ್ನ ಇದು ಚಿಗರೂದಿಲ್ಲ."

ಅಡುಗೆಮನೆಯ ಕಿಟಕಿಯಿಂದ ಅವ್ವ ಗುಡುಗಿದಳು: "ತುಡುಗು ಮಾಡಾಕ ಬಂದವ್ರನ್ನ ಚಾಕ್ಕ ಕರೀತಾರೇನೋ? ನಾ ಬೇಕಂತನ ಒಳಗ ಕುಂತೇನಿ. ನೀನೂ ಒಳಗ ಬಾ!"

ಕೆಮ್ಮಿಗೆ ಎಲೆ ಬೇಕಾದರೆ ಯಾರು ಬೇಕಾದರೂ ಕೇಳಿ ಒಯ್ಯಬಹುದು. ನೆಡುವ ಟೊಂಗೆಯನ್ನು ಮಾತ್ರ ಕದ್ದೇ ಒಯ್ಯಬೇಕು, ಕೇಳಿ ಒಯ್ದದ್ದು ಬದುಕುವುದಿಲ್ಲ ಎನ್ನುವುದು ಹಿರೇಕೆರೂರಿನ ನಮ್ಮ ಓಣಿಯ ಹೆಂಗಸರ ನಂಬಿಕೆ. ಶಾಂತಕ್ಕನ ಗಿಡ ಈ ಬೇಸಿಗೆಯಲ್ಲಿ ಒಣಗಿಹೋಗಿತ್ತಂತೆ.

ಅವ್ವ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಹಿತ್ತಲಿಗೆ ಕೇಳುವಂತೆ ಕೂಗಿದಳು: "ಇಲ್ಲಿ ಯಾರೂ ನೋಡಾಕತ್ತಿಲ್ಲ! ನೀರಿನ ಟಾಕಿ ಕಡೀ ಟೊಂಗಿ ದಪ್ಪ ಐತಿ!"

ನನಗೆ ನಗು ತಡೆಯಲಾಗಲಿಲ್ಲ. "ಮತ್ತ ನೀ ಎಲ್ಲಿಂದ ತುಡುಗು ಮಾಡಿದ್ದಿ?"

"ಶಾಂತಾನ ಹಿತ್ತಲದಾಗಿಂದನ."

"ಅವರಿಗೆ ಗೊತ್ತೈತೇನು?"

"ಗೊತ್ತಿಲ್ದ ಏನು? ಕಟ್ಟೀ ಮ್ಯಾಲ ಕುಂತಾಕಿ, ನನ್ನ ನೋಡಿದ್ದ ತಡ, ಎದ್ದು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು."

ಹೋದ ವಾರವಷ್ಟೇ ಹಿತ್ತಲಿಗೆ ಕ್ಯಾಮೆರಾ ಹಾಕಿಸೋಣ ಎಂದಿದ್ದೆ. ಬೇಡ. ಹಾಕಿಸಿದರೆ ಈ ಓಣಿಯಲ್ಲಿ ಇನ್ನೊಂದು ಗಿಡ ಚಿಗುರುವುದಿಲ್ಲ.