ಮಡಿಲಿಗಿಂತ ಭದ್ರವಾದ ಜಾಗ ತೋರಿಸುವ ಬೆಲ್ಟಕ್ಕ

ಬೆಳಿಗ್ಗೆ ಆರೂವರೆ. ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಕಾರೊಂದು ನಿಂತಿದೆ. ಅದರ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಐವತ್ತೆಂಟರ ಆಯಾ ಒಬ್ಬರು ಮಗುವಿನ ಸೀಟನ್ನು ಮೈಭಾರವೆಲ್ಲ ಹಾಕಿ ಅದುಮಿ ಬೆಲ್ಟ್ ಎಳೆಯುತ್ತಿದ್ದಾರೆ. ಹೊರಗೆ ಮೂರು ದಿನದ ಕೂಸನ್ನು ಎತ್ತಿಕೊಂಡು ನಿಂತ ಅಜ್ಜಿ ಮುಖ ಗಂಟಿಕ್ಕಿದ್ದಾರೆ. ಒಂಬತ್ತು ತಿಂಗಳು ಹೊಟ್ಟೆಯಲ್ಲಿದ್ದ ಮಗುವನ್ನು ಹೊರಗೆ ಬಂದ ಮೂರೇ ದಿನಕ್ಕೆ ಕಟ್ಟಿಹಾಕುವುದೇ ಎಂಬುದು ಅವರ ತಕರಾರು. ಮನೆ ಹತ್ತು ನಿಮಿಷದ ದಾರಿ, ಮಡಿಲಿದೆ, ಇನ್ನೇನು ಬೇಕು?

ಆಯಾ ಕಾರಿನಿಂದ ತಲೆ ಹೊರಹಾಕುತ್ತಾರೆ. "ನಿಮ್ಮ ಮಡಿಲಿಗಿಂತ ಮೆತ್ತಗಿರೋದು ಯಾವುದೂ ಇಲ್ಲಮ್ಮ. ಆದ್ರೆ ಬ್ರೇಕ್ ಹಾಕಿದಾಗ ಮಡಿಲೇ ಮುಂದಕ್ಕೆ ಹೋಗುತ್ತೆ."

ಅಷ್ಟು ಹೇಳಿ, ಕೂಸನ್ನು ಮಲಗಿಸಿ, ಕೊನೆಯ ಕೊಕ್ಕೆ ಹಾಕುವ ಕೆಲಸವನ್ನು ಅಜ್ಜಿಗೇ ಬಿಡುತ್ತಾರೆ. ಅಜ್ಜಿ ಒತ್ತುತ್ತಾರೆ. ಮುಖ ತುಸು ಸಡಿಲವಾಗುತ್ತದೆ.

ವಾರ್ಡಿನಲ್ಲಿ ಎಲ್ಲರೂ ಇವರನ್ನು ಬೆಲ್ಟಕ್ಕ ಎನ್ನುತ್ತಾರೆ. ಅಣಕಿಸಲು ಇಟ್ಟ ಹೆಸರು. ಈಗ ವೈದ್ಯರೂ ಹಾಗೇ ಕರೆಯುತ್ತಾರೆ. ಹಾಸಿಗೆ ಬದಲಿಸುವುದು, ಬಾಣಂತಿಯರನ್ನು ನಡೆಸುವುದು ಸಂಬಳದ ಕೆಲಸ. ಇದು ಯಾರೂ ಹೇಳದೆ ಹಚ್ಚಿಕೊಂಡದ್ದು. ದಿನಕ್ಕೆ ಹತ್ತು ಹನ್ನೆರಡು ಕೂಸುಗಳು ಮನೆಗೆ ಹೊರಡುತ್ತವೆ. ಸೀಟಿರುವುದು ಮೂರೋ ನಾಲ್ಕೋ ಕಾರಿನಲ್ಲಿ; ಅದರಲ್ಲೂ ಒಂದೆರಡು ಮುಂದಕ್ಕೆ ಮುಖ ಮಾಡಿರುತ್ತವೆ. ಎಳೆಗೂಸಿನ ಮುಖ ಹಿಂದಕ್ಕಿರಬೇಕು, ದಪ್ಪ ಹೊದಿಕೆ ಪಟ್ಟಿಯ ಮೇಲಿರಬೇಕೇ ಹೊರತು ಕೆಳಗಲ್ಲ ಎಂದು ಬೇಸರವಿಲ್ಲದೆ ಹೇಳುತ್ತಾರೆ. ಎರವಲು ಕೊಡಲೆಂದು ಆಸ್ಪತ್ರೆಯವರನ್ನು ಕಾಡಿಬೇಡಿ ಆರು ಸೀಟು ತರಿಸಿದ್ದಾರೆ. ಆದರೂ ಕೆಲವರು ನಕ್ಕು, ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಹೊರಡುತ್ತಾರೆ. ಆ ಕಾರು ತಿರುವು ದಾಟುವವರೆಗೂ ಇವರು ಒಳಗೆ ಬರುವುದಿಲ್ಲ.

ಈ ವಾರ್ಡಿಗೆ ಬರುವ ಮೊದಲು ಒಂಬತ್ತು ವರ್ಷ ಅವರು ಆಂಬುಲೆನ್ಸಿನಲ್ಲಿ ಕೆಲಸಕ್ಕಿದ್ದರು. ಒಂದು ಮಧ್ಯಾಹ್ನ ಎರಡು ಕಾರು ಗುದ್ದಿಕೊಂಡಿದ್ದವು. ಅಂಥ ವೇಗವೇನೂ ಇರಲಿಲ್ಲ. ತಾಯಿಗೆ ತರಚುಗಾಯ, ಮಗು ಕೈಯಿಂದ ಹಾರಿಹೋಗಿತ್ತು, ಉಳಿಯಲಿಲ್ಲ.

"ದಾರಿಯುದ್ದಕ್ಕೂ ಆ ತಾಯಿ ಒಂದೇ ಮಾತು ಹೇಳ್ತಿದ್ಲು, ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ ಅಂತ. ಸುಳ್ಳಲ್ಲ. ಅವಳ ತೋಳಲ್ಲಿ ಅವಳದೇ ಉಗುರಿನ ಗುರುತಿತ್ತು."

ಆ ತಿಂಗಳೇ ಅವರು ಹೆರಿಗೆ ವಾರ್ಡಿಗೆ ವರ್ಗ ಕೇಳಿಕೊಂಡರು.

ಊರಿಗೆಲ್ಲ ಬುದ್ಧಿ ಹೇಳುವವರಿಗೆ ಮನೆಯಲ್ಲೇ ಮಾತು ನಡೆಯಲಿಲ್ಲ. ಸೀಟಿನಲ್ಲಿ ಕೂರಿಸಿದರೆ ರಂಪ ಮಾಡುತ್ತಾಳೆಂದು ಮಗಳು ಮೊಮ್ಮಗಳನ್ನು ತೊಡೆಯ ಮೇಲೇ ಕೂರಿಸಿಕೊಳ್ಳುತ್ತಿದ್ದಳು. ಬೆಲ್ಟಕ್ಕ ಆ ಕಾರು ಹತ್ತುವುದನ್ನೇ ಬಿಟ್ಟು ಬಸ್ಸಿನಲ್ಲಿ ಓಡಾಡಿದರು. ಅತ್ತೆಗೆ ಆಸ್ಪತ್ರೆಯ ಭಯ ಅಂಟಿದೆ ಎಂದು ಅಳಿಯ ನಗುತ್ತಿದ್ದ. ಹೋದ ವರ್ಷ ನಾಯಿ ಅಡ್ಡ ಬಂದು ಆತ ಬ್ರೇಕ್ ಒತ್ತಿದಾಗ, ಮಗುವಿನ ಹಣೆ ಒಡೆದು ನಾಲ್ಕು ಹೊಲಿಗೆ ಬಿತ್ತು.

"ಹೇಳಿದ್ನಲ್ಲ ಅನ್ನೋ ಮಾತು ನಾಲಿಗೆ ತುದಿವರೆಗೂ ಬಂತು. ನುಂಗ್ಕೊಂಡೆ. ಮಗಳೂ ಒಬ್ಬ ತಾಯಿನೇ ತಾನೆ?"

ಮರುದಿನ ಮಗಳೇ ಫೋನ್ ಮಾಡಿ, ಪಟ್ಟಿ ಎಷ್ಟು ಬಿಗಿ ಇರಬೇಕು ಎಂದು ಕೇಳಿದಳಂತೆ. ಮೊಮ್ಮಗಳು ಒಂದು ವಾರ ಅತ್ತಳು, ಆಮೇಲೆ ಒಗ್ಗಿಕೊಂಡಳು.

ನಿವೃತ್ತಿಗೆ ಇನ್ನೆರಡು ವರ್ಷ. ಏನಾದರೂ ಆಸೆ ಇದೆಯೇ ಎಂದರೆ ಬೆಲ್ಟಕ್ಕ ಹೇಳುವುದು ಇಷ್ಟೇ.

"ಒಂದು ದಿನ ರಜಾ ಹಾಕ್ಬೇಕು. ಮಾರನೇ ದಿನ ಬಂದು ಕೇಳಿದ್ರೆ, ನೀವಿಲ್ಲ ಅಂತ ಗೊತ್ತೇ ಆಗ್ಲಿಲ್ಲ, ಕೂಸುಗಳೆಲ್ಲ ಅವರವರ ಸೀಟಲ್ಲೇ ಹೋದ್ವು ಅನ್ಬೇಕು. ಅಷ್ಟಾದ್ರೆ ಸಾಕು."