ಎತ್ತಿಗೆ ಜೋಡಿಯಾದ ಡೈರೋಸಾರ್

ನಮ್ಮ ಇಂಗಳೇಶ್ವರದ ಓಣಿಯಲ್ಲಿ ಮಣ್ಣಿನ ಎತ್ತು ಮಾಡುವವಳು ಸೀತವ್ವ ಒಬ್ಬಳೇ. ಅವಳ ಬಾಯಿಗೂ ಬೆರಳಿಗೂ ಒಂದೇ ವೇಗ. ಮೊದಲೆಲ್ಲ ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿ ಮನೆಯವರೂ ಅವಳ ಕಟ್ಟೆಗೆ ಬಂದು ಪೂಜೆಗೆ ಒಂದು ಜೋಡಿ ಎತ್ತು, ಅವುಗಳ ಮೇವಿಗೆ ಗ್ವಾದಲಿ ಎಂಬ ಪುಟ್ಟ ತೊಟ್ಟಿ ಒಯ್ಯುತ್ತಿದ್ದರು. ಟ್ರ್ಯಾಕ್ಟರ್ ಬಂತು, ಕೊಟ್ಟಿಗೆ ಬರಿದಾಯಿತು, ಮಣ್ಣಿನ ಎತ್ತನ್ನೂ ಜನ ಮರೆತರು. ಹೋದ ವರ್ಷ ಮಾಡಿದ್ದೆಲ್ಲ ಕಟ್ಟೆಯ ಮೇಲೇ ಒಣಗಿತು. "ಇನ್ನ ಮಣ್ಣ ಮುಟ್ಟಂಗಿಲ್ಲ" ಎಂದು ಮುದುಕಿ ಮುಖ ಊದಿಸಿಕೊಂಡಳು.

ಈ ಸಲ ಹಬ್ಬದ ಮುಂಚೆ ಶಾಲೆಯ ಟೀಚರ್ ಪಲ್ಲವಿ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು.

"ಆಯಿ, ಇದು ಡೈರೋಸಾರ್. ನೋಡಾಕ ಮೊಸಳಿಯಂಗ. ಆಕಾಶದಿಂದ ದೊಡ್ಡ ಕಲ್ಲ ಬಿದ್ದು ಡೈನೋಸಾರ್ ಎಲ್ಲಾ ಸತ್ತಮ್ಯಾಲೂ ಇದು ಮೀನ ತಿನ್ಕೋತ ಬದುಕಿತ್ತು. ಹುಡುಗರಿಗೆ ತೋರಸಾಕ ಒಂದ ಮಾಡಿಕೊಡ್ರಿ."

"ಅಷ್ಟೆಲ್ಲಾ ಸತ್ತಮ್ಯಾಲೂ?" ಸೀತವ್ವನಿಗೆ ಅದರ ಮೊಂಡತನ ಹಿಡಿಸಿತು.

ಮರುದಿನ ಪಲ್ಲವಿ ಬಂದು ನೋಡಿದರೆ ಒಂದಲ್ಲ, ಎರಡು. ಎರಡಕ್ಕೂ ಬೆನ್ನ ಮೇಲೆ ಎತ್ತಿನ ಡುಬ್ಬದಂಥ ಇಣಿ, ಕೊರಳಿಗೆ ಗೆಜ್ಜೆ, ಮುಂದೆ ಗ್ವಾದಲಿ.

"ಇದಕ್ಕ ಇಣಿ ಇರಲಿಲ್ಲ ಆಯಿ."

"ಇಣಿ ಇಲ್ಲಂದ್ರ ನೊಗ ಎಲ್ಲಿ ನಿಂದರತೈತಿ?"

"ಇದು ಹೊಲದಾಗ ಗಳೆ ಹೊಡೀತಿದ್ದಿಲ್ಲ."

ಸೀತವ್ವ ಗೊಣಗುತ್ತ ಇಣಿ ಕಿತ್ತಳು. ಜೋಡಿ ಮಾತ್ರ ಬಿಡಲಿಲ್ಲ. ನೊಗಕ್ಕೆ ಒಂಟಿಯಾಗಿ ಯಾರಾದರೂ ಕಟ್ಟುತ್ತಾರೆಯೇ? ಗ್ವಾದಲಿಗೆ ಮಣ್ಣಿನ ಮೀನು ತುಂಬಿ ಕಳಿಸಿದಳು.

ಶಾಲೆಯಲ್ಲಿ ಅವನ್ನು ಕಂಡ ಮಕ್ಕಳಿಗೆ ಹುಚ್ಚು ಹಿಡಿಯಿತು. ಅಮಾವಾಸ್ಯೆಯ ಬೆಳಿಗ್ಗೆ ಓಣಿಗೆ ಓಣಿಯೇ ಕಟ್ಟೆಯ ಮುಂದೆ ನಿಂತಿತು. ಎಲ್ಲರಿಗೂ ಡೈರೋಸಾರ್ ಬೇಕು. ಮುದುಕಿ ಹಿಗ್ಗಿದಳು, ಜೊತೆಗೇ ಉರಿದುಬಿದ್ದಳು.

"ಹಬ್ಬ ಎತ್ತಿಂದೈತಿ. ಈ ಮೊಸಳಿ ಮುಂದ ಹೋಳಿಗಿ ಇಡ್ತೀರೇನ?"

"ಇಡ್ತೇವಿ" ಎಂದವು ಮಕ್ಕಳು.

ಸೀತವ್ವ ಮಣ್ಣು ನಾದುತ್ತ ಯೋಚಿಸಿ ಕರಾರು ಹಾಕಿದಳು. ಒಯ್ದರೆ ಜೋಡಿ ಒಯ್ಯಬೇಕು. ಒಂದು ಡೈರೋಸಾರ್, ಒಂದು ಎತ್ತು. ಬಿಡಿಯಾಗಿ ಕೊಡುವುದಿಲ್ಲ.

ಸಂಜೆಯವರೆಗೆ ಅವಳ ಕೈ ನಿಲ್ಲಲಿಲ್ಲ. ಬಾಯಿ ಮೊದಲೇ ನಿಲ್ಲುವಂಥದ್ದಲ್ಲ. ಟ್ರ್ಯಾಕ್ಟರ್ ಮಾಲೀಕ ಸಿದ್ದಲಿಂಗನೂ ಮಗಳ ಕಾಟಕ್ಕೆ ಬಂದ.

"ಅತ್ತೀ, ಈ ಉದ್ದ ಮೂತಿಗೆ ಮೂಗದಾಣ ಎಲ್ಲಿ ಹಾಕೂದು?"

"ಬಾಯಾಗ ಕೈ ಹಾಕಿ ನೋಡಪಾ, ಗೊತ್ತಾಗತೈತಿ."

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀತವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದು ದೀಪ ಹಚ್ಚುವ ಹೊತ್ತಿಗೆ, ಎಷ್ಟೋ ವರ್ಷಗಳ ಮೇಲೆ, ನಮ್ಮ ಓಣಿಯ ಪ್ರತಿ ಮನೆಯಲ್ಲೂ ಒಂದು ಎತ್ತು ಇತ್ತು.