ದೊಡ್ಡಮ್ಮನ ವಾರ್ಡು

ನಮ್ಮ ದೊಡ್ಡಮ್ಮನ ಕೆಳತುಟಿ ಸದಾ ಎಲೆಯಡಿಕೆಯಿಂದ ಕೆಂಪಗಿರುತ್ತಿತ್ತು. ಏನನ್ನಾದರೂ ತೋರಿಸಬೇಕೆಂದರೆ ಅವರು ಕೈ ಎತ್ತುತ್ತಿರಲಿಲ್ಲ, ಆ ತುಟಿಯನ್ನೇ ಮುಂದೆ ಚಾಚುತ್ತಿದ್ದರು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಕಡೆಯ ನಮ್ಮ ಊರಿನಲ್ಲಿ ಅದು ಕೆಳಗಿನ ಬೀದಿಯತ್ತ ಚಾಚಿತೆಂದರೆ ಹಿಂದೆಯೇ ಬೈಗುಳ ಬರುತ್ತದೆ ಎಂದು ಅರ್ಥ.

ತಾಯಿಯಿಲ್ಲದ ಹುಡುಗಿ ನಾನು, ಸಾಕಿದವರು ಅವರೇ. ನಮ್ಮದು ಮೇಲಿನ ಬೀದಿ. ಕೆಳಗಿನ ಬೀದಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತ ದೊಡ್ಡಮ್ಮ ಸಾರನ್ನು ಬೆರಳಿನಿಂದ ಕದಡಿ, ಇಡೀ ಪಂಕ್ತಿಗೆ ಕೇಳುವಂತೆ, "ಇದ್ರಲ್ಲಿ ಬೇಳೆ ಹುಡುಕೋಕೆ ಬ್ಯಾಟರಿ ಬೇಕು ಕಣ್ರಮ್ಮಾ" ಅಂದುಬಿಟ್ಟಿದ್ದರು. ಮದುವೆ ಹುಡುಗಿಯ ತಾಯಿ ಪಕ್ಕದಲ್ಲೇ ಬಡಿಸುತ್ತಿದ್ದರು. ಆಮೇಲೆ ಆ ಬೀದಿಯಿಂದ ಒಂದು ನಾಮಕರಣಕ್ಕೂ ಕರೆ ಬರಲಿಲ್ಲ.

ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಕಾಲ. ಹೊಲಗಳು ಸೈಟಾದವು, ಓಟಿನ ಕ್ಷೇತ್ರಗಳ ಗಡಿಗಳೂ ಬದಲಾದವು. ನಮ್ಮ ಜಿಲ್ಲೆ ಬೆಂಗಳೂರು ಗ್ರಾಮಾಂತರ, ಆದರೆ ಪಾರ್ಲಿಮೆಂಟಿಗೆ ನಮ್ಮ ಓಟು ಚಿಕ್ಕಬಳ್ಳಾಪುರಕ್ಕೆ. ಗ್ರಾಮಾಂತರ ಎಂಬ ಹೆಸರಿನ ಕ್ಷೇತ್ರವಿರುವುದು ಕನಕಪುರದ ಕಡೆ. ದೊಡ್ಡಪ್ಪ ಇದನ್ನು ಪೇಪರಿನಲ್ಲಿ ಓದಿ ಹೇಳಿದಾಗ ದೊಡ್ಡಮ್ಮ, "ಹೆಸರು ನಮ್ದು, ಮೊಸರು ಇನ್ಯಾರ್ದೋ" ಎಂದು ನಕ್ಕಿದ್ದರು.

ಪಂಚಾಯಿತಿ ಚುನಾವಣೆಯಲ್ಲಿ ಆ ನಗು ಹಾರಿಹೋಯಿತು. ಮೇಲಿನ ಬೀದಿಯ ಬಾಣಂತಿಯರಿಗೆಲ್ಲ ಎಣ್ಣೆ ನೀವಿದ ಕೈ ಅವರದು. ಗೆಲುವು ಖಂಡಿತ ಎಂದು ನಿಲ್ಲಲು ಹೊರಟಿದ್ದರು. ಅಷ್ಟರಲ್ಲಿ ವಾರ್ಡುಗಳ ಗೆರೆ ಬದಲಾಗಿ, ನಮ್ಮ ಮನೆಯೂ ಅಕ್ಕಪಕ್ಕದ ನಾಲ್ಕಾರು ಮನೆಗಳೂ ಕೆಳಗಿನ ಬೀದಿಯ ವಾರ್ಡಿಗೆ ಸೇರಿದವು. ಉಳಿದ ಮೇಲಿನ ಬೀದಿ ಬೇರೆ ವಾರ್ಡಾಯಿತು. ಅಲ್ಲಿನ ಮೀಸಲಾತಿ ದೊಡ್ಡಮ್ಮನಿಗೆ ಸಲ್ಲುವಂತಿರಲಿಲ್ಲ.

"ಬಿಟ್ಬಿಡೇ ಅತ್ಲಾಗೆ" ಅಂದರು ದೊಡ್ಡಪ್ಪ.

"ನಿಲ್ತೀನಿ ಅಂತ ಊರ್ಗೆಲ್ಲಾ ಹೇಳ್ಕೊಂಡ್ ಬಂದ್ಬಿಟ್ಟಿದ್ದೀನಿ. ಈಗ ಸುಮ್ನೆ ಕೂತ್ರೆ ಜನ ನಗಲ್ವಾ?"

ನನ್ನನ್ನೂ ಎಳೆದುಕೊಂಡು ಅವರು ಮೊದಲು ಹೋದದ್ದು ಆ ಮದುವೆ ಹುಡುಗಿಯ ತಾಯಿಯ ಮನೆಗೇ. ಆ ತಾಯಿ ನಮ್ಮನ್ನು ಕೂರಿಸಿ, ಮುದ್ದೆ ಇಟ್ಟು, ಸಾರು ಬಡಿಸಿದರು. ಸಾರೆಂದರೆ ಬರೀ ಬೇಳೆ. ಪಾತ್ರೆಯಲ್ಲಿ ಸೌಟು ನೆಟ್ಟಗೆ ನಿಂತಿತ್ತು.

"ಬೇಳೆ ಕಾಣ್ತಾ ಅಕ್ಕಯ್ಯಾ? ಬ್ಯಾಟರಿ ತರ್ಸ್ಲಾ?"

ದೊಡ್ಡಮ್ಮ ಒಂದು ತುತ್ತು ನುಂಗಿದರು. "ಬ್ಯಾಡ ಕಣಮ್ಮಾ. ಕಣ್ ಕುಕ್ತಾ ಐತೆ."

ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದವರು ನಿಲ್ಲಿಸಲೇ ಇಲ್ಲ. ದೊಡ್ಡಮ್ಮನಿಗೂ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು. ಆ ಮನೆಯ ಮಗ ಓಡಿಬಂದು ಮಜ್ಜಿಗೆ ಕೊಟ್ಟ.

ಸುದ್ದಿ ಬೀದಿಯುದ್ದಕ್ಕೂ ಹರಡಿ, ಓಟು ಕೇಳಲು ಹೋದ ಮನೆಗಳಲ್ಲೆಲ್ಲ ಗಟ್ಟಿ ಬೇಳೆಯೇ ಎದುರಾಯಿತು. ಒಲ್ಲೆ ಎಂದರೆ ಓಟು ಹೋದಂತೆ. ದೊಡ್ಡಮ್ಮ ಜೀರಿಗೆ ಕಷಾಯ ಕುಡಿದುಕೊಂಡೇ ಪ್ರಚಾರ ಮುಗಿಸಿದರು. ಗೆದ್ದೂಬಿಟ್ಟರು.

ಮಜ್ಜಿಗೆ ಕೊಟ್ಟ ಹುಡುಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ. ಅವನು ಚರಂಡಿ, ಬೀದಿದೀಪ ಅಂತ ಮೆಂಬರಮ್ಮನನ್ನು ಹುಡುಕಿಕೊಂಡು ನಮ್ಮ ಮನೆಗೆ ಬರುವುದು ಸ್ವಲ್ಪ ಜಾಸ್ತಿಯೇ ಆಯಿತು. ದೊಡ್ಡಮ್ಮನಿಗೆ ವಿಷಯ ಗೊತ್ತಾಗಲು ತಡವಾಗಲಿಲ್ಲ. "ಚರಂಡಿ ಆಗಿ ವರ್ಷ ಆಯ್ತು ಕಣಪ್ಪಾ. ನಿಮ್ಮವ್ವನ್ನ ಕಳ್ಸು" ಅಂದರು. ನಮ್ಮ ಮದುವೆಯಲ್ಲಿ ಧಾರೆ ಎರೆದವರು ದೊಡ್ಡಪ್ಪ, ದೊಡ್ಡಮ್ಮ. ನಾನು ಕೆಳಗಿನ ಬೀದಿಗೆ ಸೊಸೆಯಾಗಿ ಹೋದೆ. ಓಟರ್ ಪಟ್ಟಿಯಲ್ಲಿ ನನ್ನ ಹೆಸರೂ ಆ ಮನೆಗೇ ಸೇರಿತು.

ಮುಂದಿನ ಚುನಾವಣೆಯ ಹೊತ್ತಿಗೆ ಜನ ಹೆಚ್ಚಿ, ಗೆರೆಯೂ ಮೀಸಲಾತಿಯೂ ಮತ್ತೆ ಬದಲಾಗಿ, ದೊಡ್ಡಮ್ಮನ ಮನೆ ಮೇಲಿನ ಬೀದಿಯ ವಾರ್ಡಿಗೇ ವಾಪಸಾಯಿತು. ಆದರೆ ಕೆಳಗಿನವರಿಗೇ ಎಲ್ಲ ಮಾಡಿಸಿದರೆಂದು ಮೇಲಿನವರು ಮುನಿಸಿಕೊಂಡಿದ್ದರು. ಆದರೂ ದೊಡ್ಡಮ್ಮ ಆ ಸಲ ಅಲ್ಲೇ ನಿಂತರು. ದೊಡ್ಡಬಳ್ಳಾಪುರದಲ್ಲಿ ಎಣಿಕೆ ಮುಗಿದಾಗ ಒಂದೇ ಓಟಿನಿಂದ ಸೋತಿದ್ದರು.

ಅಲ್ಲಿಂದ ನೇರ ನಮ್ಮ ಮನೆಗೆ ಬಂದವರೇ ಹೊಸ್ತಿಲ ಮೇಲೆ ಕುಸಿದು ಕೂತರು.

"ಅಯ್ಯೋ ಅಮ್ಮಣ್ಣೀ, ಆ ಒಂದ್ ಓಟು ನೀನೇ ಕಣೇ! ನನ್ ಓಟ್ನ ನಾನೇ ಧಾರೆ ಎರ್ದು ಕೊಟ್ಬಿಟ್ನಲ್ಲಾ!"

"ಇವ್ಳು ಹಾಕಿದ್ರೂ ಸಮ ಆಗ್ತಿತ್ತು ಅಷ್ಟೇ. ಚೀಟಿ ಎತ್ತುಸ್ತಿದ್ರು" ಅಂದರು ಹಿಂದೆಯೇ ಬಂದ ದೊಡ್ಡಪ್ಪ.

"ಎತ್ತುಸ್ಲಿ. ನಂದೇ ಬರ್ತಿತ್ತು."

ಮರುವರ್ಷ ದೊಡ್ಡಮ್ಮ ತೀರಿಕೊಂಡರು. ಎರಡೂ ಬೀದಿಯವರು ಬಂದಿದ್ದರು. ಎಲ್ಲರಿಗಿಂತ ಜೋರಾಗಿ ಅತ್ತವರು ನನ್ನ ಅತ್ತೆ.